ಮಾತು ಕೇಳದ ರಿಮೋಟು

ಮರ್ಯಾದೆ ಕಳೆದುಕೊಳ್ಳಲು ಕೆಲವರು ಕಳ್ಳತನ ಮಾಡುತ್ತಾರೆ, ಕೆಲವರು ಚುನಾವಣೆಗೆ ನಿಲ್ಲುತ್ತಾರೆ. ನನಗೆ ಅಷ್ಟೆಲ್ಲ ಕಷ್ಟವಿಲ್ಲ. ಮನೆಯಲ್ಲೊಂದು ಟಿವಿ ರಿಮೋಟು ಉಂಟು.

ಪುಂಜಾಲಕಟ್ಟೆಯಲ್ಲಿ ನನ್ನದೊಂದು ಸಣ್ಣ ಜವಳಿ ಅಂಗಡಿ. ಟಿವಿ ಕೊಡಿಸಿದ್ದು ದುಬೈಯಲ್ಲಿರುವ ಭಾವ, ಅಂದರೆ ಹೆಂಡತಿಯ ಅಣ್ಣ. ಗುಂಡಿ ಒತ್ತಿ ಮಾತಾಡಿದರೆ ಕೇಳಿಸಿಕೊಳ್ಳುವ ರಿಮೋಟು. ನಾವಿಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. ಟಿವಿ ಬಂದ ದಿನ ಅವರು ಎಲ್ಲರೆದುರು, “ಜಾಗ್ರತೆ, ಬಟ್ಟೆ ಅಳೆಯುವುದು ಬಿಟ್ಟರೆ ಭಾವನಿಗೆ ಬೇರೆ ಎಂತದೂ ಗೊತ್ತಿಲ್ಲ” ಎಂದು ನಕ್ಕಿದ್ದರು. ಆ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು.

ಮೊನ್ನೆ ಭಾವ ರಜೆಯಲ್ಲಿ ಬಂದರು. ಭಾನುವಾರ ನಮ್ಮಲ್ಲಿ ಊಟ ಎಂದಾಯಿತು. ಆ ವಾರವೇ ರಿಮೋಟು ಕೈಕೊಟ್ಟಿತು. “ಅಣ್ಣ ಬರುವಾಗ ಸರಿ ಇರ್ಬೇಕು” ಎಂದಳು ಹೆಂಡತಿ. ಅವಳು ಹೇಳಬೇಕಾಗಿರಲಿಲ್ಲ. ಆ ನಗು ಇನ್ನೊಮ್ಮೆ ಕೇಳುವ ಶಕ್ತಿ ನನಗಿರಲಿಲ್ಲ.

ಬ್ಯಾಟ್ರಿ

ಸಹಾಯವಾಣಿಗೆ ಫೋನು ಮಾಡಿದೆ. ಬೆಂಗಳೂರಿನ ಹುಡುಗಿಯೊಬ್ಬಳು, “ಬ್ಯಾಟರಿ ಚೆಕ್ ಮಾಡಿದ್ರಾ ಸರ್?” ಎಂದಳು. ನಮ್ಮ ಕಡೆ ಬ್ಯಾಟ್ರಿ ಎಂದರೆ ಟಾರ್ಚು. ರಿಮೋಟಿಗೂ ಟಾರ್ಚಿಗೂ ಎಂತ ಸಂಬಂಧ ಎಂದುಕೊಂಡರೂ, ಕೇಳಿದ್ದಕ್ಕೆ ಉತ್ತರ ಕೊಡಬೇಕಲ್ಲ. ಹೋಗಿ ಟಾರ್ಚು ಒತ್ತಿ ನೋಡಿ ಬಂದು, “ಬ್ಯಾಟ್ರಿ ಉಂಟು ಮೇಡಂ, ಚಂದ ಉರೀತಾ ಉಂಟು” ಎಂದೆ.

“ಉರೀತಿದೆಯಾ? ಸರ್, ಮುಟ್ಬೇಡಿ! ಮನೆಯವರನ್ನೆಲ್ಲ ಹೊರಗೆ ಕಳಿಸಿ!”

ನಾನು ಕಳಿಸಿಯೂ ಬಿಟ್ಟೆ. ಆಮೇಲೆ, “ಸರ್, ರಿಮೋಟಿನ ಒಳಗೆ ಹಾಕ್ತಾರಲ್ಲ ಅದು, ಹೊಗೆ ಬರ್ತಿದೆಯಾ?” ಎಂದು ಕೇಳಿದಳು.

“ಓ, ಸೆಲ್ಲಾ?” ಎಂದೆ. ಆ ಕಡೆ ಯಾರೋ ಬಾಯಿ ಮುಚ್ಚಿಕೊಂಡು ನಕ್ಕದ್ದು ಕೇಳಿಸಿತು. ಅಂಗಳದಿಂದ ಅಮ್ಮ ಕೂಗಿದರು, “ಇನ್ನು ಒಳಗೆ ಬರ್ಬಹುದಾ? ತಲೆಗೆ ಹಾಕಿದ ಎಣ್ಣೆ ಬಿಸಿಲಿಗೆ ಕುದಿಯುತ್ತಾ ಉಂಟು!”

ಅಮ್ಮನ ಅರ್ಜಿ

ಹೊಸ ಸೆಲ್ ಹಾಕಿದೆವು. ಊಹೂಂ. ಬಾಯಲ್ಲಿ ಹೇಳಿ ನೋಡುವ ಎಂದಾಯಿತು. ಮನೆಯಲ್ಲಿ ನಮ್ಮದು ತುಳು, ಟಿವಿಗೆ ತುಳು ಬರುವುದಿಲ್ಲ. ಹಾಗಾಗಿ ಅದರ ಹತ್ತಿರ ಎಲ್ಲರೂ ಶಾಲೆಯಲ್ಲಿ ಕಲಿತ ಕನ್ನಡವನ್ನೇ ಮಾತಾಡುವುದು. ಅಮ್ಮ ಸೆರಗು ಸರಿ ಮಾಡಿಕೊಂಡು ರಿಮೋಟು ಹಿಡಿದು, “ಮಾನ್ಯರೇ, ತಾವು ದಯವಿಟ್ಟು ಯಕ್ಷಗಾನ ತೋರಿಸಬೇಕಾಗಿ ವಿನಂತಿ” ಎಂದರು.

“ಅಮ್ಮಾ, ಅದು ಆಫೀಸಲ್ಲ.”

“ಮತ್ತೆ? ಕೇಳಿಸಿಯೂ ಕೇಳಿಸದ ಹಾಗೆ ಕೂತಿದೆಯಲ್ಲ!”

ಅಮ್ಮ ಎದ್ದು ಹೋದ ಮೇಲೆ ನಾನೂ ಒಮ್ಮೆ ಮೆಲ್ಲಗೆ “ಮಾನ್ಯರೇ” ಎಂದು ನೋಡಿದೆ. ತಿರುಗಿದರೆ ಹಿಂದೆ ಹೆಂಡತಿ ನಿಂತಿದ್ದಳು.

ಲೈಟು

ಪಕ್ಕದ ಮೊಬೈಲ್ ಅಂಗಡಿ ನಡೆಸುವ ಬ್ಯಾರಿಗಳು ಒಂದು ಉಪಾಯ ಹೇಳಿದರು. “ರಿಮೋಟಿನ ಮೂತಿಯನ್ನು ಫೋನಿನ ಕ್ಯಾಮೆರಾದಲ್ಲಿ ನೋಡಿ ಗುಂಡಿ ಒತ್ತಿ ಮಾರಾಯ್ರೆ. ಲೈಟ್ ಕಂಡರೆ ರಿಮೋಟ್ ಸರಿ ಉಂಟಂತ.”

ನನ್ನ ಅಂಗಡಿಯಲ್ಲೇ ನಿಂತು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದೆ. ಎದುರಿನ ಕನ್ನಡಿಯ ಮುಂದೆ ಒಬ್ಬರು ಹೆಂಗಸು ಸೀರೆ ಹೆಗಲಿಗೆ ಹಾಕಿ ನೋಡುತ್ತಿದ್ದದ್ದು ನನ್ನ ಗಮನದಲ್ಲೇ ಇರಲಿಲ್ಲ.

“ಎಂತ ಫೋಟೋ ತೆಗೆಯುವುದು ನೀವು?”

“ಅಯ್ಯೋ ಫೋಟೋ ಅಲ್ಲ ಅಕ್ಕಾ, ಲೈಟ್ ಬರ್ತದಾ ಅಂತ ನೋಡ್ತಾ ಇದ್ದೇನೆ.”

“ನನ್ನ ಮುಖದಲ್ಲಾ?”

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನಗೆ ಅಲ್ಲೇ ಸೀರೆಗಳ ಅಡಿಗೆ ನುಗ್ಗಿಬಿಡೋಣ ಅನ್ನಿಸಿತು. ಲೈಟು ಬರಲಿಲ್ಲ, ಆ ಅಕ್ಕನೂ ಮತ್ತೆ ಬರಲಿಲ್ಲ.

ಭಾನುವಾರ

ಭಾವ ಬಂದರು. ಹೊಟ್ಟೆ ತುಂಬ ಕೋಳಿಸಾರಿನ ಕೋರಿ ರೊಟ್ಟಿ ಹೊಡೆದು, ಸೋಫಾದಲ್ಲಿ ಕಾಲು ಚಾಚಿ, “ಟಿವಿ ಹಾಕಿ ಭಾವ” ಎಂದರು. ಟಿವಿಯ ಹಿಂದಿದ್ದ ಗುಂಡಿ ಒತ್ತಿದೆ, ಪರದೆ ಬೆಳಗಿತು. ಮುಂದಕ್ಕೆ ಹೋಗಲು ರಿಮೋಟು ಬೇಕು.

“ಓಲ್ಟೇಜು ಕಮ್ಮಿ ಉಂಟು ಭಾವ” ಎಂದೆ. ನೆತ್ತಿಯ ಮೇಲೆ ಫ್ಯಾನು ಗಿರ್ರನೆ ತಿರುಗುತ್ತಿತ್ತು. ಭಾವ ಫ್ಯಾನನ್ನೂ ನೋಡಿದರು, ನನ್ನನ್ನೂ ನೋಡಿದರು. ಅದೇ ನಗು. “ನಾನು ಆವತ್ತೇ ಹೇಳಿದ್ದೆ.”

ನಾಚಿಕೆಯಿಂದ ಕಿವಿ ಬಿಸಿಯಾಯಿತು. ರಿಮೋಟು ಹಿಡಿದುಕೊಂಡೇ ಅಡುಗೆಮನೆಗೆ ಹೋದೆ. ಹೆಂಡತಿ “ಸರಿ ಆಯ್ತಾ?” ಎಂದು ಕೇಳಿದ್ದೇ ತಡ, ತಡೆದಿಟ್ಟ ಸಿಟ್ಟೆಲ್ಲ ನೆತ್ತಿಗೇರಿತು. ರಿಮೋಟನ್ನು ಮುಷ್ಟಿಯಲ್ಲಿ ಹಿಚುಕಿ ಹಿಡಿದು, ಬಾಯಿಯ ಹತ್ತಿರ ತಂದು, ಅದಕ್ಕೇ ಹೇಳಿದೆ: “ದಯವಿಟ್ಟು ಭಾವನವರನ್ನು ಸಂಜೆಯ ಬಸ್ಸಿಗೆ ಕಳುಹಿಸಿಕೊಡಿ.”

ನನ್ನ ಹಿಡಿತಕ್ಕೆ ಒಳಗಿನ ಸೆಲ್ಲು ಸರಿಯಾಗಿ ಕೂತು, ಮಾತಿನ ಗುಂಡಿಯೂ ಒತ್ತಿಹೋಗಿರಬೇಕು. ಹಾಲ್‌ನಲ್ಲಿ ಟಿವಿ ‘ಟಿಂಗ್’ ಎಂದಿತು.

ಓಡಿ ಬಂದು ನೋಡಿದರೆ, ನಾನು ಹೇಳಿದ್ದು ಒಂದಕ್ಷರವೂ ಬಿಡದೆ ಪರದೆಯ ತುಂಬ ದೊಡ್ಡದಾಗಿ ಬಿದ್ದಿತ್ತು. ಭಾವ ಕನ್ನಡಕ ಹಾಕಿಕೊಂಡು ನಿಧಾನವಾಗಿ, ಗಟ್ಟಿಯಾಗಿ ಓದುತ್ತಿದ್ದರು. ಓದಿ ಮುಗಿಸಿ ಅವರು ಕನ್ನಡಕ ತೆಗೆದರು.

“ಕೆಳಗೆ ಇನ್ನೊಂದು ಸಾಲು ಉಂಟು ಭಾವ. ‘ಕ್ಷಮಿಸಿ, ಯಾವುದೇ ಫಲಿತಾಂಶ ಇಲ್ಲ’ ಅಂತ. ಹಾಗಾದ್ರೆ ನಾನು ಇವತ್ತು ಇಲ್ಲೇ ನಿಲ್ತೇನೆ.”