ಪಂಕ್ತಿ ಮುಗಿದ ಮೇಲೆ ಪಂದ್ಯ

ಹಾಲಿನ ಬೂತಿನ ಮುಂದೆ ನರೇಂದ್ರ ಬಾಯಿ ಮುಚ್ಚಿಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಜರಗನಹಳ್ಳಿಯ ಅವರ ಬಡಾವಣೆಯ ಬ್ಯಾಸ್ಕೆಟ್‌ಬಾಲ್ ಕೋರ್ಟನ್ನು ಕಾರು ನಿಲ್ಲಿಸಲು ಬಿಡಬೇಕೆಂದು ಸಂಘದ ಅಧ್ಯಕ್ಷ ಹನುಮಯ್ಯನವರು ಹೇಳಿದ್ದೇ ತಡ, ಅಲ್ಲಿ ದಿನಾ ಸಂಜೆ ಮಕ್ಕಳಿಗೆ ಆಟ ಕಲಿಸುತ್ತಿದ್ದ ಈ ಬ್ಯಾಂಕ್ ಗುಮಾಸ್ತ ಸಿಡಿದುಬಿಟ್ಟ.

"ನಮ್ ಮಕ್ಳು ಬೇಗೂರಿನ ಕಾಲೇಜ್ ಹುಡುಗ್ರನ್ನೂ ಸೋಲಿಸ್ತಾರೆ ಸಾರ್!"

"ಹಾಗಾದ್ರೆ ಭಾನುವಾರ ಆಡ್ಸಿ. ಗೆದ್ರೆ ಕೋರ್ಟು, ಸೋತ್ರೆ ಪಾರ್ಕಿಂಗು," ಎಂದರು ಹನುಮಯ್ಯ.

ಭಾನುವಾರ ಬೆಳಗ್ಗೆ ಆರಕ್ಕೇ ಅಭ್ಯಾಸ. ಆರಡಿ ಹುಡುಗರ ಕೈ ಎಷ್ಟು ಮೇಲಿರುತ್ತದೆಂದು ತೋರಿಸಲು ನರೇಂದ್ರ ನಾಲ್ವರು ತಾಯಂದಿರ ಕೈಗೆ ಜೇಡರ ಬಲೆ ಹೊಡೆಯುವ ಕೋಲು ಕೊಟ್ಟು ನಿಲ್ಲಿಸಿದ. ಮಕ್ಕಳು ಅಳಿಲುಗಳಂತೆ ನುಸುಳಿಕೊಂಡರು. ಕೋಲಿನ ಏಟೆಲ್ಲ ಬಿದ್ದದ್ದು ಅವನ ತಲೆಗೇ.

"ಎತ್ತರ ಅವ್ರದು, ಓಟ ನಮ್ದು. ಅವ್ರು ಸುಸ್ತಾಗೋವರ್ಗೂ ಓಡಿ," ಎಂದ, ತಲೆ ಸವರಿಕೊಳ್ಳುತ್ತ.

ಎದುರುಮನೆಯ ಜಯಶೀಲಮ್ಮನಿಗೆ ಓಟದ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. "ಬೇಗೂರಿಂದ ಬರೋ ಮಕ್ಳನ್ನ ಖಾಲಿ ಹೊಟ್ಟೇಲಿ ಆಡ್ಸೋದಾ? ಹೋಳಿಗೆ ಊಟ ಹಾಕ್ತೀನಿ. ಆಮೇಲೆ ಅದೆಷ್ಟು ಓಡ್ತಾರೋ ನೋಡೋಣ!"

"ಅದು ಮೋಸ ಅಲ್ವಾ ಜಯಶೀಲಮ್ಮ?"

"ಊಟ ಹಾಕೋದು ಯಾವತ್ತಿಂದ ಮೋಸ ಆಯ್ತು?"

ಎನ್ನುತ್ತಲೇ ಜಯಶೀಲಮ್ಮ ಬೇಳೆ ಬೇಯಿಸಲು ಹೊರಟಾಗಿತ್ತು.

ಮಧ್ಯಾಹ್ನ ಬೇಗೂರಿನ ಐವರೂ ಜಯಶೀಲಮ್ಮನ ಮನೆ ಬಾಗಿಲಲ್ಲಿ ಬಗ್ಗಿ ಒಳಬಂದು ಎಲೆ ಮುಂದೆ ಕೂತರು. ಅತಿಥಿಗಳಿಗೆ ಜೊತೆಯಾಗಲೆಂದು ನರೇಂದ್ರನನ್ನೂ ಪಂಕ್ತಿಯಲ್ಲಿ ಕೂರಿಸಿದರು. ಹೋಳಿಗೆ, ಮೇಲೆ ತುಪ್ಪ, ಅದರ ಮೇಲೆ ಇನ್ನೊಂದು ಹೋಳಿಗೆ. ಬೇಡವೆಂದು ಅಡ್ಡ ಹಿಡಿದ ಕೈಯ ಮೇಲೂ ಒಂದು ಬಿತ್ತು. ಘಮಕ್ಕೆ ಓಡಿಬಂದ ನರೇಂದ್ರನ ತಂಡದವರನ್ನು ಹನ್ನೆರಡು ವರ್ಷದ ನಾಯಕಿ ಶರ್ವಾಣಿ ಒಂದೊಂದು ಬಾಳೆಹಣ್ಣು ಕೊಟ್ಟು ಗೇಟಿನಿಂದಲೇ ಅಟ್ಟಿದಳು.

ಮೂರಕ್ಕೆ ಆಟ ಶುರು. ಬೇಗೂರಿನ ನಾಯಕ ಶರಣ್ ಎರಡು ಸಲ ಓಡಿ ಸೊಂಟ ಹಿಡಿದು ನಿಂತ. ನರೇಂದ್ರನಿಗಂತೂ ಕುರ್ಚಿಯಿಂದ ಏಳಲೇ ಆಗಲಿಲ್ಲ, ಸಲಹೆ ಕೊಡಲು ಬಾಯಿ ತೆರೆದರೆ ತೇಗು ಬರುತ್ತಿತ್ತು. ಆದರೆ ಮಕ್ಕಳು ಕಲಿತದ್ದನ್ನು ಮರೆಯಲಿಲ್ಲ. ಕೊನೆಯ ನಿಮಿಷದಲ್ಲಿ ಶರ್ವಾಣಿ ಶರಣ್‌ನ ಚಾಚಿದ ಕೈ ಕೆಳಗೆ ನುಸುಳಿ ಚೆಂಡನ್ನು ಬುಟ್ಟಿಗೆ ಹಾಕಿದಳು. ಇಪ್ಪತ್ತು-ಹದಿನೆಂಟು! ಕೋರ್ಟು ಉಳಿಯಿತೆಂದು ನರೇಂದ್ರನ ಕಣ್ಣು ತುಂಬಿ ಬಂತು.

ಶರಣ್ ನಗುತ್ತ ಬಂದ. "ಅಂಕಲ್, ಸಖತ್ತಾಗಿ ಆಡಿದ್ರು ನಿಮ್ ಮಕ್ಳು. ಊಟಾನೂ ಸಖತ್ತು! ಅಮ್ಮಂಗೆ ಫೋನ್ ಮಾಡಿ ಹೇಳ್ದೆ. ಉಂಡು ಬಂದ್ಮೇಲೆ ನಾವೂ ಕರೀಬೇಕಲ್ವಾ ಅಂದ್ರು. ಮುಂದಿನ ಭಾನುವಾರ ನಮ್ಮಲ್ಲಿ ರಿಟರ್ನ್ ಮ್ಯಾಚು. ಮುದ್ದೆ, ಅವರೆಕಾಳು ಸಾರು, ಶಾವಿಗೆ ಪಾಯಸ. ಒಬ್ಬೊಬ್ರಿಗೆ ಎರಡು ಮುದ್ದೆಗೆ ಕಮ್ಮಿ ಇಲ್ಲ. ಊಟ ಮಾಡ್ಕೊಂಡೇ ಆಡ್ಬೇಕು."

ನರೇಂದ್ರ ನೆಪ ಹುಡುಕುವಷ್ಟರಲ್ಲಿ ಹನುಮಯ್ಯ ನುಗ್ಗಿದರು. "ಖಂಡಿತ ಬರ್ತಾರಪ್ಪ! ಅಲ್ಲೂ ಗೆದ್ರೇನೇ ಕೋರ್ಟು ಪಕ್ಕಾ."

"ಹಂಗಂತ ಮೊದ್ಲು ಹೇಳಿರ್ಲಿಲ್ವಲ್ಲ ಸಾರ್?"

"ಹೋಳಿಗೆ ಹಾಕ್ತೀವಿ ಅಂತ ನೀವು ಹೇಳಿದ್ರಾ?"

ನರೇಂದ್ರ ಮೆಲ್ಲಗೆ ತನ್ನ ತಂಡದ ಕಡೆ ತಿರುಗಿದ. ಗೆದ್ದಾಗ ಕೂಗಿದ್ದಕ್ಕಿಂತ ಜೋರಾಗಿ ಮಕ್ಕಳು ಈಗ ಕೂಗುತ್ತಿದ್ದರು. ಶರ್ವಾಣಿ ಅವನ ತೋಳು ಜಗ್ಗಿದಳು.

"ಸಾರ್, ಅಲ್ಲಿ ನಮ್ಗೂ ಊಟ ಇದೆ ತಾನೇ?"