ನೋವು ಕಾಲಾಗ, ಕೈ ಸೊಂಟದ ಮ್ಯಾಲ

ಹೊಸಪೇಟೆಯಲ್ಲಿ ನಾನು ಫಿಸಿಯೋಥೆರಪಿಸ್ಟ್. ಸಯಾಟಿಕಾ ಅಂದರೆ ಸೊಂಟದ ಹತ್ತಿರ ನರ ಒತ್ತಿಕೊಂಡು ನೋವು ಕಾಲಿಗೆ ಇಳಿಯುವುದು. ಇಷ್ಟನ್ನು ತಿಳಿಸಿ ಹೇಳಲು ಹೋಗಿ ರೋಗಿಗಳ ಜೊತೆ ನಾನೂ ಗೊಂದಲಕ್ಕೆ ಬೀಳದ ವಾರವೇ ಇಲ್ಲ.

ಮೇನ್ ಸ್ವಿಚ್

ಎಮ್ಮಿಗನೂರಿನ ರೈತರೊಬ್ಬರು ಕುಂಟುತ್ತ ಬಂದರು, ಜೊತೆಗೆ ಹೆಂಡತಿ. ಅವರನ್ನು ಬೋರಲು ಮಲಗಿಸಿ ಸೊಂಟ ಒತ್ತಿ ನೋಡುತ್ತಿದ್ದೆ. ಹೆಂಡತಿ ನನ್ನ ಕೈ ಹಿಡಿದರು.

"ಅವ್ವಾ, ನೋವಿರೋದು ಮೀನಖಂಡದಾಗ. ನೀವು ತಪ್ಪು ಜಾಗ ಹಿಡದೀರಿ."

"ಇಲ್ರೀ ಅಮ್ಮಾ, ನರ ಅಂದ್ರ ಕರೆಂಟ್ ವೈರ್ ಇದ್ದಂಗ. ಸೊಂಟದಾಗ ಒತ್ತಿದ್ರ ಕಾಲಾಗ ಜುಮ್ ಅಂತೈತಿ."

ಆಕೆ ತಲೆಯಾಡಿಸಿದರು. ಅರ್ಥವಾಯಿತೆಂದು ನಾನು ಹಿಗ್ಗಿದೆ. ಅಷ್ಟರಲ್ಲಿ ಮಲಗಿದ್ದ ಗಂಡನ ದನಿ: "ಹಂಗಾದ್ರ ಮೇನ್ ಸ್ವಿಚ್ಚೇ ಆರಿಸಿಬಿಡ್ರಿ. ನಾಟಿ ಮುಗಿದ ಮ್ಯಾಲ ಹಾಕಿದ್ರಾತು."

ಪಾಕೀಟು

ಸಂಡೂರಿನ ಅದಿರು ಲಾರಿ ಡ್ರೈವರ್ ಒಬ್ಬರಿಗೆ ಬಲಗಾಲು ಪೂರ್ತಿ ಜೋಮು. ಪ್ಯಾಂಟಿನ ಬಲಗಡೆಯ ಹಿಂದಿನ ಜೇಬಿನಲ್ಲಿ ಇಟ್ಟಿಗೆಯಂಥ ಪಾಕೀಟು. ಅದರೊಳಗೆ ಮನೆಮಂದಿಯ ಆಧಾರ್ ಕಾರ್ಡು, ದೇವರ ಫೋಟೋ, ಹಳೇ ಔಷಧದ ಚೀಟಿಗಳು. ದಿನವಿಡೀ ಅದರ ಮೇಲೆ ಕೂತರೆ ನರ ಸುಮ್ಮನಿರುತ್ತದೆಯೇ?

"ಮೊದಲು ಇದನ್ನ ಇಲ್ಲಿಂದ ತೆಗೀರಿ," ಅಂದೆ.

ಮುಂದಿನ ವಾರ ನಗುತ್ತಲೇ ಬಂದರು. "ಬಲಗಾಲು ಮಸ್ತ್ ಆಗೈತ್ರಿ ಮೇಡಂ. ಈಗ ಎಡಗಾಲು ಯಾಕ ಜೋಮು ಹಿಡದೈತಿ, ತಿಳೀವಲ್ದು."

ನನಗೂ ತಿಳಿಯಲಿಲ್ಲ. ಅವರು ಎದ್ದು ಬೆನ್ನು ತಿರುಗಿಸಿದಾಗ ಕಂಡಿತು: ಪಾಕೀಟು ಎಡಜೇಬಿನಲ್ಲಿತ್ತು.

"ಇಲ್ಲಿಂದ ತೆಗೀರಿ ಅಂದ್ರಿ. ಎಲ್ಲಿಡಬೇಕು ಅಂತ ಹೇಳಲೇ ಇಲ್ಲಲ್ರೀ!"

ಆಶೀರ್ವಾದ

ಹಂಪಿ ಕಡೆಯ ಹಿರಿಯ ಅರ್ಚಕರೊಬ್ಬರಿಗೆ ದೇವರ ಮುಂದೆ ಬಾಗಲೂ ಆಗುತ್ತಿರಲಿಲ್ಲ. ಆಪರೇಷನ್ ಅಂದುಬಿಟ್ಟರೆ ಏನು ಗತಿ ಎಂದು ಹೆದರಿ, ಹೆಂಡತಿಯನ್ನು ಕರೆದುಕೊಂಡು ಬಂದಿದ್ದರು. ಅಂಗಾತ ಮಲಗಿಸಿ, ಮಂಡಿ ಮಡಚದಂತೆ ಕಾಲು ಮೇಲೆತ್ತಿ ನೋಡುವುದು ನಮ್ಮ ಪರೀಕ್ಷೆ. ನರ ಒತ್ತಿಕೊಂಡಿದ್ದರೆ ಅರ್ಧಕ್ಕೇ ನೋವು ಹೊಡೆಯುತ್ತದೆ.

ಎಡಪಾದ ಹಿಡಿದು ಎತ್ತಿದೆ. ಹೆಣ್ಣುಮಗಳು ಪಾದ ಮುಟ್ಟಿದಳಲ್ಲ, ಅವರ ಕೈ ತಾನಾಗಿ ಮೇಲೆದ್ದಿತು. "ಅಷ್ಟಪುತ್ರವತೀ ಭವ!"

"ನೋವಾತೇನ್ರಿ?"

"ಇಲ್ಲಮ್ಮಾ, ಆಶೀರ್ವಾದ ಮಾಡಿದೆ."

ನನಗಿನ್ನೂ ಮದುವೆಯೇ ಆಗಿರಲಿಲ್ಲ. ಬಲಪಾದ ಎತ್ತಿದೆ.

"ಅಷ್ಟಪುತ್ರ... ಅಯ್ಯಯ್ಯಪ್ಪಾ!"

ಮತ್ತೊಮ್ಮೆ ಎತ್ತಿದೆ. ಆಶೀರ್ವಾದ ಮತ್ತೆ ಅಲ್ಲಿಗೇ ನಿಂತಿತು. ಕಾಲಿನ ಹೆಬ್ಬೆರಳಲ್ಲಿ ಬಲ ಚೆನ್ನಾಗಿತ್ತು, ಅಂದರೆ ನರ ಇನ್ನೂ ಸೋತಿರಲಿಲ್ಲ. ಡಾಕ್ಟರೂ ನೋಡಿ, ಸದ್ಯಕ್ಕೆ ವ್ಯಾಯಾಮ ಸಾಕು, ಆಪರೇಷನ್ ಬೇಡ ಎಂದರು.

ಆದರೂ ಅರ್ಚಕರ ಮುಖ ಅರಳಲಿಲ್ಲ. "ಆಶೀರ್ವಾದ ಅರ್ಧಕ್ಕ ಬಿಡಬಾರದಮ್ಮಾ. ಇನ್ನೊಮ್ಮೆ ಎತ್ತು, ಹಲ್ಲು ಕಚ್ಚಿ ಮುಗಸ್ತೀನಿ."

ಹೆಂಡತಿ ಗಂಡನ ಕಾಲನ್ನು ಗಟ್ಟಿಯಾಗಿ ಒತ್ತಿ ಹಿಡಿದರು. "ಸಾಕು ಸುಮ್ನಿರ್ರಿ! ಎಡಗಾಲಿನ ಎಂಟು ಮಕ್ಕಳು ಸಾಲದೇನು? ಬಲಗಾಲಿಂದೂ ಎಂಟು ಕೊಟ್ರ, ಈ ಹುಡುಗಿ ಸೊಂಟ ನೋಡೋರು ಯಾರು?"