ಖಾನಾಪುರದಲ್ಲಿ ಸ್ಕಾಟ್ಲೆಂಡಿನ ತಾಲೀಮು

ಕೆಲವರಿಗೆ ಎಲೆಯಡಿಕೆಯ ಚಟವಿರುತ್ತದೆ, ಕೆಲವರಿಗೆ ಇಸ್ಪೀಟಿನದು. ನನಗಿರುವುದು ಹೊರಡುವ ಚಟ. ಹೊರಡುವುದೆಂದರೆ ಮನೆಯಿಂದ ಊರಿಗೆ ಹೊರಡುವುದಲ್ಲ, ಹೋದ ಊರಿನಿಂದ ವಾಪಸು ಹೊರಡುವುದು. ಮದುವೆ ಮನೆಯಲ್ಲಿ ಅಕ್ಷತೆ ಬೀಳುವ ಮೊದಲೇ ನಾನು ಚಪ್ಪಲಿ ಎಲ್ಲಿ ಬಿಟ್ಟಿದ್ದೇನೆಂದು ಕಣ್ಣಲ್ಲೇ ಹುಡುಕಿ ಇಟ್ಟುಕೊಂಡಿರುತ್ತೇನೆ. ಇದಕ್ಕೆ ನನ್ನ ನೌಕರಿಯನ್ನೂ ಸ್ವಲ್ಪ ದೂರಬಹುದು. ಶಹಾಪುರದ ಒಂದು ಹೈಸ್ಕೂಲಿನಲ್ಲಿ ಮೂವತ್ಮೂರು ವರ್ಷ ಡ್ರಿಲ್ ಮಾಸ್ತರನಾಗಿದ್ದವನು ನಾನು. ಸೀಟಿ ಊದುವುದು, ಸಾಲು ಮಾಡಿಸುವುದು, ಗಂಟೆ ಬಾರಿಸುವ ಎರಡು ನಿಮಿಷ ಮೊದಲೇ ಮೈದಾನ ಖಾಲಿ ಮಾಡಿಸುವುದು, ಇಷ್ಟೇ ನನ್ನ ವಿದ್ಯೆ. ಲಗ್ನವಾದ ಹೊಸತರಲ್ಲಿ ಹೆಂಡತಿ ಮಹಾದೇವಿಯನ್ನು ಗೋವಾಕ್ಕೆ ಕರೆದುಕೊಂಡು ಹೋಗಿದ್ದೆ. ಆಕೆ ಸೀರೆಯ ನಿರಿಗೆ ಎತ್ತಿ ಹಿಡಿದು ಒಂದು ಕಾಲನ್ನು ನೀರಿಗಿಟ್ಟಿದ್ದಳು. ಅಷ್ಟರಲ್ಲಿ ಬಸ್ಸಿಗೆ ಹೊತ್ತಾಯಿತೆಂದು ನಾನು ಜೇಬಿನಲ್ಲಿದ್ದ ಸೀಟಿ ತೆಗೆದು ಊದಿಬಿಟ್ಟೆ. ಗುರುತು ಪರಿಚಯವಿಲ್ಲದ ಐವತ್ತು ಜನ ಗಾಬರಿಯಾಗಿ ಸಮುದ್ರದಿಂದ ಮೇಲೆ ಬಂದರು. ಮಹಾದೇವಿಯ ಇನ್ನೊಂದು ಕಾಲು ಇವತ್ತಿಗೂ ಆ ನೀರು ಮುಟ್ಟಿಲ್ಲ. ಮನೆಯಲ್ಲಿ ಜಗಳವಾದಾಗಲೆಲ್ಲ ಆ ಕಾಲಿನ ಮಾತು ಬರುತ್ತದೆ.

ಇಂಥ ನನಗೆ ಹಡಗಿನ ಪ್ರವಾಸ ಒದಗಿ ಬಂತು. ನಮ್ಮ ಬಡಾವಣೆಯಲ್ಲಿ ಬೆಳಿಗ್ಗೆ ವಾಕಿಂಗ್ ಹೋಗುವ ನಿವೃತ್ತರ ಒಂದು ಗುಂಪಿದೆ. ನಾವು ನಡೆಯುವುದು ಅರ್ಧ ಮೈಲಿ, ನಡೆದ ಮೇಲೆ ಕಟ್ಟೆಯ ಮೇಲೆ ಕೂತು ಜಗತ್ತು ಸುತ್ತುವುದು ಒಂದೂವರೆ ತಾಸು. ಹೀಗೆ ಬಾಯಲ್ಲೇ ಸುತ್ತುತ್ತಿದ್ದವರು ಒಂದು ದಿನ ಖರೇನೇ ಹೆಂಡಂದಿರ ಸಮೇತ ಹೆಸರು ಕೊಟ್ಟುಬಿಟ್ಟೆವು. ಇಂಗ್ಲೆಂಡಿನಿಂದ ಹೊರಟು ಸ್ಕಾಟ್ಲೆಂಡಿನ ಸುತ್ತ ಹೋಗುವ ಹಡಗು. ಊಟ, ನಿದ್ದೆ, ತಿರುಗಾಟ ಎಲ್ಲ ಪ್ರವಾಸದ ಕಂಪನಿಯವರದೇ. ಒಂದು ದಿನ ಮಾತ್ರ ಅವರದಲ್ಲ. ಸ್ಕಾಟ್ಲೆಂಡಿನ ಯಾವುದೋ ಸಣ್ಣ ಹಳ್ಳಿಯ ಎದುರು ಹಡಗು ದೂರದಲ್ಲಿ ಲಂಗರು ಹಾಕುತ್ತದೆ, ಪುಟ್ಟ ದೋಣಿಗಳಲ್ಲಿ ದಡಕ್ಕೆ ಬಿಡುತ್ತಾರೆ, ಬೆಳಿಗ್ಗೆ ಎಂಟಕ್ಕೆ ಇಳಿದವರು ಸಂಜೆ ನಾಲ್ಕರ ಕೊನೆಯ ದೋಣಿಗೆ ವಾಪಸು ಬರಬೇಕು. "ಅವತ್ತ ನೀವು ಫ್ರೀ ಸರ್, ಎಲ್ಲಿ ಬೇಕಾದ್ರೂ ಅಡ್ಡಾಡ್ರಿ. ಆದ್ರ ನಾಕಕ್ಕ ಬರಲಿಲ್ಲಂದ್ರ ಹಡಗ ನಿಮ್ಮ ಸಲುವಾಗಿ ನಿಲ್ಲಂಗಿಲ್ಲ" ಎಂದು ಕಂಪನಿಯ ಹುಡುಗಿ ನಗುತ್ತ ಹೇಳಿದಳು. ಆಕೆ ನಕ್ಕಿದ್ದು ನನಗೆ ಕಾಣಿಸಲಿಲ್ಲ. ನನಗೆ ಕೇಳಿಸಿದ್ದು ನಾಲ್ಕು ಗಂಟೆ ಎಂಬುದೊಂದೇ.

ಆ ದಿನದ ಏರ್ಪಾಡು ನನ್ನದು ಎಂದು ಮನೆಗೆ ಬಂದವನೇ ಘೋಷಿಸಿದೆ. ಮಹಾದೇವಿ ಸೊಪ್ಪು ಸೋಸುತ್ತಿದ್ದಳು. "ಆಗ್ಲಿ, ಆ ಒಂದ ದಿನಾ ನಿಮ್ಮ ಕೈಯಾಗ ಕೊಟ್ಟೀನಿ. ಆದ್ರ ನಂದೊಂದ ಮಾತ ಐತಿ. ಎಲ್ಲೆರೆ ಹಸರ ಜಾಗಾ ನೋಡಿ ಒಂದ ತಾಸ ಸುಮ್ಮನ ಕುಂದರಬೇಕು. ನೀವೂ ನನ್ನ ಬಾಜುಕ ಕುಂದರಬೇಕು. ವಾಚ ನೋಡಬಾರದು" ಅಂದಳು. ಅಷ್ಟೇ. ಸೀರೆ ಕೇಳಲಿಲ್ಲ, ಬಂಗಾರ ಕೇಳಲಿಲ್ಲ. ಮೂವತ್ತೆಂಟು ವರ್ಷ ಸಂಸಾರ ಮಾಡಿದ ಹೆಂಡತಿ ಒಂದು ತಾಸು ಜೊತೆಗೆ ಕೂತುಕೊಳ್ಳಿ ಎಂದು ಕೇಳಿಕೊಳ್ಳಬೇಕಾಯಿತಲ್ಲ ಎಂದು ನನಗೆ ನಾಚಿಕೆಯಾಯಿತು. ನಾಚಿಕೆ ಆದದ್ದು ನಿಜ. ಆದರೆ ಸಂಜೆ ಡ್ರಾಯಿಂಗ್ ಶೀಟ್ ತಂದು ವೇಳಾಪಟ್ಟಿ ಬರೆಯಲು ಕೂತಾಗ ಅದು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಮೂರು ವಾರ ಮೊಬೈಲಿನ ನಕಾಶೆ ನೋಡಿ ನೋಡಿ ಆ ಹಳ್ಳಿಯ ರಸ್ತೆಗಳು ನಮ್ಮ ಬಡಾವಣೆಯ ರಸ್ತೆಗಳಿಗಿಂತ ಚೆನ್ನಾಗಿ ಬಾಯಿಪಾಠವಾದವು. ಎಂಟಕ್ಕೆ ದೋಣಿ. ಎಂಟೂ ಹತ್ತಕ್ಕೆ ಟ್ಯಾಕ್ಸಿ. ಒಂಬತ್ತಕ್ಕೆ ಗುಡ್ಡದ ಮೇಲಿನ ಮುರುಕು ಕೋಟೆ. ಹತ್ತೂವರೆಗೆ ಸರೋವರ. ಆಮೇಲೆ ಉಣ್ಣೆ ನೇಯುವ ಮನೆ, ಕಲ್ಲಿನ ಸೇತುವೆ, ಹಳೆಯ ಇಗರ್ಜಿ. "ಒಂದು ವೇಳೆ" ಎಂಬ ತಲೆಬರಹದ ಕೆಳಗೆ ಇಪ್ಪತ್ತೆರಡು ಆಪತ್ತುಗಳನ್ನೂ ಅವಕ್ಕೆ ಪರಿಹಾರಗಳನ್ನೂ ಬರೆದಿದ್ದೆ. ಮಳೆ ಬಂದರೆ, ಕೊಡೆ ಮುರಿದರೆ, ಡ್ರೈವರನ ಇಂಗ್ಲಿಷು ತಿಳಿಯದಿದ್ದರೆ, ನನ್ನ ಇಂಗ್ಲಿಷು ಡ್ರೈವರನಿಗೆ ತಿಳಿಯದಿದ್ದರೆ, ರಸ್ತೆಯಲ್ಲಿ ಕುರಿ ಅಡ್ಡ ಬಂದರೆ. ಕುರಿಗೆ ಏಳು ನಿಮಿಷ ಇಟ್ಟಿದ್ದೆ. "ಏಳ ಮಿನಿಟನ್ಯಾಗ ದಾಟ್ರಿ ಅಂತ ಕುರಿಗೆ ತಿಳಿಸೀರೇನು?" ಎಂದು ಮಹಾದೇವಿ ಕೇಳಿದಳು. ಆಮೇಲೆ ಶೀಟಿನ ಮೇಲೆ ಬೆರಳಿಟ್ಟು ಹುಡುಕುತ್ತ ಹೋದಳು. ಬೆರಳು ಒಂದು ಕಡೆ ನಿಂತಿತು. "ಇಲ್ಲೇನ ಬರದೀರಿ? ಒಂದೂ ಹತ್ತರಿಂದ ಒಂದೂ ಇಪ್ಪತ್ತೈದು, ಕುಂದರೂದು. ತಾಸಂದ್ರ ಹದಿನೈದ ಮಿನಿಟ ಆಗಿದ್ದು ಯಾವಾಗಿಂದ್ರಿ?" ನಾನು ಇಗರ್ಜಿಯಿಂದ ಐದು ನಿಮಿಷ ಕಿತ್ತು ಆಕೆಗೆ ಕೊಟ್ಟೆ. ಕೊಡುವಾಗ ದೊಡ್ಡ ದಾನ ಮಾಡಿದವನ ಮುಖ ಮಾಡಿದ್ದೆನಂತೆ. ಇದನ್ನು ಆಕೆಯೇ ಆಮೇಲೆ ಹೇಳಿದಳು.

ಪಟ್ಟಿಯೇನೋ ಗೋಡೆಯ ಮೇಲೆ ಕ್ಯಾಲೆಂಡರಿನ ಬಾಜೂಕ್ಕೆ ತೂಗಿತು. ಆದರೆ ಡ್ರಿಲ್ ಮಾಸ್ತರನಾದವನಿಗೆ ತಾಲೀಮು ಇಲ್ಲದೆ ಸಮಾಧಾನವಿಲ್ಲ. ಆಗಸ್ಟ್ ಹದಿನೈದರ ಕವಾಯತಿಗೇ ಹದಿನೈದು ದಿನ ತಾಲೀಮು ಮಾಡಿಸಿದ ನಾನು ಪರದೇಶದ ಮಣ್ಣಿನ ಮೇಲೆ ತಾಲೀಮಿಲ್ಲದೆ ಇಳಿಯುವುದೆಂದರೇನು! ಸ್ಕಾಟ್ಲೆಂಡಿನಂಥ ಜಾಗ ಹತ್ತಿರದಲ್ಲಿ ಎಲ್ಲಿದೆ ಎಂದು ಯೋಚಿಸಿದೆ. ಸಣ್ಣ ಮಳೆ, ಮಂಜು, ಹಸಿರು ಗುಡ್ಡ, ರಸ್ತೆಗೆ ಅಡ್ಡ ಬರುವ ದನಕರು. ಜುಲೈ ತಿಂಗಳಲ್ಲಿ ಖಾನಾಪುರ ತಾಲೂಕಿಗೆ ಏನು ಕಮ್ಮಿ? ಯೋಜನೆ ಹೀಗಿತ್ತು. ಬೆಳಗಾವಿಯಿಂದ ಬೆಳಿಗ್ಗೆ ಹೋಗುವ ರೈಲೇ ಹಡಗು. ಖಾನಾಪುರ ಸ್ಟೇಷನ್ನೇ ದಡ. ನಂದಗಡದ ಗುಡ್ಡ ಕೋಟೆ, ಅಲ್ಲಿನ ಕೆರೆ ಸರೋವರ. ಸಂಜೆ ನಾಲ್ಕರ ರೈಲು ಹಿಡಿದರೆ ಪಾಸು, ತಪ್ಪಿದರೆ ನಪಾಸು. ಟ್ಯಾಕ್ಸಿಗೆ ನಂದಗಡದಲ್ಲಿರುವ ಮಹಾದೇವಿಯ ತಮ್ಮ ಬಸವರಾಜನ ಟೆಂಪೋ. ಅವನಿಗೆ ಫೋನು ಮಾಡಿ, "ನೀ ಅವತ್ತ ನಮ್ಮನ್ನ ಗುರುತು ಹಿಡಿಬ್ಯಾಡ. ನೀ ಸ್ಕಾಟ್ಲೆಂಡಿನ ಡ್ರೈವರ" ಎಂದು ತಿಳಿಸಿದೆ. ಅವನು, "ಮಾಮಾರ, ಅಕ್ಕಾನ ಕೈಯಾಗ ಫೋನ ಕೊಡ್ರಿ" ಅಂದ. ಅಕ್ಕ ಅವನಿಗೆ ಏನು ಹೇಳಿದಳೋ, ಒಪ್ಪಿಕೊಂಡ.

ಆ ದಿನ ಇಬ್ಬರೂ ಸ್ವೆಟರು, ಅದರ ಮೇಲೆ ರೇನ್‌ಕೋಟು, ಕಾಲಿಗೆ ಹೊಸ ಬೂಟು ಹಾಕಿಕೊಂಡು ಖಾನಾಪುರದಲ್ಲಿ ಇಳಿದೆವು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎದುರಾಗಿ, "ಸರ್, ಯಾಕ್ರಿ, ಆರಾಮ ಇಲ್ಲೇನು?" ಎಂದು ನನ್ನ ಹಣೆ ಮುಟ್ಟಿ ನೋಡಿದ. ಬಸವರಾಜ ಟೆಂಪೋದ ಪಕ್ಕದಲ್ಲಿ ತಲೆಗೆ ಮಫ್ಲರ್ ಸುತ್ತಿಕೊಂಡು ನಿಂತಿದ್ದ. ನಮ್ಮನ್ನು ನೋಡಿ "ಗುಡ್ ಮಾರ್ನಿಂಗ್" ಎಂದ. ಮರುಕ್ಷಣವೇ "ಅಕ್ಕಾ, ಎಷ್ಟ ಸೊರಗೀದಿ!" ಎಂದು ಆಕೆಯ ಕೈಚೀಲ ಕಸಿದುಕೊಂಡ. ಸ್ಕಾಟ್ಲೆಂಡು ಅರ್ಧ ನಿಮಿಷ ಬಾಳಿತು. ಅದನ್ನು ಪಟ್ಟಿಯಲ್ಲಿ ಗುರುತು ಹಾಕಿಕೊಂಡು ಮುಂದೆ ಸಾಗಿದೆ.

ಕೋಟೆ, ಅಂದರೆ ಗುಡ್ಡ, ವೇಳೆಗೆ ಸರಿಯಾಗಿ ಮುಗಿಯಿತು. ನಾನು ಮಾಡಿದ ತಪ್ಪು ಆಮೇಲೆ ಗೊತ್ತಾಯಿತು. ಇಪ್ಪತ್ತೆರಡು ಆಪತ್ತುಗಳನ್ನು ಬರೆದವನು ಅವತ್ತು ನಂದಗಡದ ಸಂತೆಯ ದಿನ ಎಂಬುದನ್ನು ನೋಡಿರಲಿಲ್ಲ. ಅದು ಮಹಾದೇವಿಯ ತವರು. ಸಂತೆಗೆ ಅಕ್ಕಪಕ್ಕದ ಹತ್ತು ಹಳ್ಳಿ ಬಂದಿತ್ತು, ಹತ್ತು ಹಳ್ಳಿಯಲ್ಲೂ ಆಕೆಯ ಬಳಗವಿತ್ತು. ಮೊದಲು ಸಿಕ್ಕವರು ಆಕೆಯ ಸೋದರತ್ತೆ ತಾಯವ್ವ, ಕೈಯಲ್ಲಿ ಹೀರೇಕಾಯಿ ಹಿಡಿದುಕೊಂಡು. "ಯವ್ವಾ ಮಹಾದೇವಿ! ಅಳಿಯಾರೂ ಬಂದಾರ! ಬರ್ರಿ, ಮನಿಗೆ ಹೋಗೂಣು." ನಾನು ಪರದೇಶದವನಂತೆ ಸರೋವರದ ಕಡೆ ನೋಡುತ್ತ ನಿಂತೆ. ಅವರು ನನ್ನ ರೇನ್‌ಕೋಟಿನ ತೋಳು ಹಿಡಿದೇ ಎಳೆದರು. "ಚಾ ಕುಡೀಲಾರದ ಹೋದ್ರ ನನ್ನ ಜೀವಕ್ಕ ಸಮಾಧಾನ ಆಗಂಗಿಲ್ಲ ನೋಡ್ರಿ." ಅಲ್ಲಿ ಚಹಾ ಕುಡಿದು ಹೊರಬಂದರೆ ಪಕ್ಕದ ಮನೆಯವರು ಬಾಗಿಲಲ್ಲಿ, "ಅವರ ಮನ್ಯಾಗ ಕುಡದು ನಮ್ಮ ಮನಿ ದಾಟಿ ಹೋಗ್ತೀರೇನು?" ಅದರ ಆಚೆಯ ಮರಾಠಿ ಅಜ್ಜಿ "ಯಾ, ಬಸಾ, ಚಹಾ ಘ್ಯಾ" ಎಂದು ಆಗಲೇ ಚಾಪೆ ಹಾಸಿದ್ದರು. ಮುಂದಿನ ಮನೆಯವರಿಗೆ ನಾನು ಗಡಿಯಾರ ತೋರಿಸಿದರೆ, "ಛಲೋ ಐತ್ರಿ, ಎಲ್ಲಿ ತಗೊಂಡ್ರಿ?" ಎಂದು ಕೇಳಿದರು. ಒಟ್ಟು ಒಂಬತ್ತು ಚಹಾ, ಎರಡು ತಾಟು ಅವಲಕ್ಕಿ, ಒಂದು ಕಡೆ ಸಿರಾ. ಸರೋವರ ಹೋಯಿತು, ಸೇತುವೆ ಹೋಯಿತು, ಇಗರ್ಜಿಯನ್ನಂತೂ ಕೇಳುವವರೇ ಇರಲಿಲ್ಲ.

ಟೆಂಪೋ ಸ್ಟೇಷನ್ ಮುಟ್ಟಿದಾಗ ರೈಲಿನ ಕೊನೆಯ ಡಬ್ಬಿ ಪ್ಲಾಟ್‌ಫಾರ್ಮ್ ಬಿಟ್ಟು ಹೋಗುತ್ತಿತ್ತು. ಬಸವರಾಜ ಮಫ್ಲರ್ ಬಿಚ್ಚಿ, "ಹಡಗ ಹೋತ್ರಿ ಮಾಮಾರ" ಎಂದ. ಆಮೇಲೆ ನನ್ನ ಮುಖ ನೋಡಿ ಕನಿಕರದಿಂದ, "ಇನ್ನೊಂದ ಹಡಗ ಆರಕ್ಕ ಐತಿ ಬಿಡ್ರಿ" ಎಂದ. ಅವನು ಹೋದ ಮೇಲೆ ಮಹಾದೇವಿ ಪ್ಲಾಟ್‌ಫಾರ್ಮಿನ ಕಲ್ಲಿನ ಬೆಂಚಿನ ಮೇಲೆ ಕೂತಳು. ಹಳಿಯ ಆಚೆ ಎಳೆಯ ಭತ್ತದ ಗದ್ದೆ, ಸೋನೆ ಮಳೆ, ದೂರದ ಗುಡ್ಡಕ್ಕೆ ಮಂಜು. ಆಕೆ ಬೂಟು ಕಳಚಿ ಕಾಲು ಮೇಲೆ ಮಾಡಿಕೊಂಡು, "ಕುಂದರ್ರಿ, ಹೆಂಗೂ ಎರಡ ತಾಸ ಐತಿ" ಅಂದಳು. ನಾನು ಕೂರಲಿಲ್ಲ. ನಪಾಸಾದ ಅವಮಾನದಲ್ಲಿ ಕುದಿಯುತ್ತಿದ್ದೆ. ಕಂಬಕ್ಕೆ ಡ್ರಾಯಿಂಗ್ ಶೀಟ್ ಒತ್ತಿ ಹಿಡಿದು ಕೆಂಪು ಪೆನ್ನಿನಿಂದ ತಿದ್ದತೊಡಗಿದೆ. ಹೆಚ್ಚಿನ ವೇಳೆ ಬೇಕು, ಎಲ್ಲಿಂದ ತರುವುದು? ಕೋಟೆ ಬಿಡುವಂತಿಲ್ಲ, ಸರೋವರ ಬಿಡುವಂತಿಲ್ಲ. ಕೂರುವುದನ್ನು ಇಪ್ಪತ್ತರಿಂದ ಐದು ನಿಮಿಷಕ್ಕೆ ಇಳಿಸಿದೆ. ತಿರುಗಿ ನೋಡಿದರೆ ಮಹಾದೇವಿ ಅದನ್ನೇ ನೋಡುತ್ತಿದ್ದಳು. ಏನೂ ಅನ್ನಲಿಲ್ಲ. ಆಕೆ ಏನಾದರೂ ಅಂದಾಗ ನನಗೆ ಹೆದರಿಕೆಯಿಲ್ಲ, ಅನ್ನದಿದ್ದಾಗ ಇದೆ. ಆದರೂ ಆ ಐದನ್ನು ನಾನು ತಿದ್ದಲಿಲ್ಲ. ಸ್ಕಾಟ್ಲೆಂಡಿನಲ್ಲಿ ನಮ್ಮ ಬಳಗದವರು ಯಾರೂ ಇಲ್ಲ, ಚಹಾಕ್ಕೆ ಎಳೆಯುವವರಿಲ್ಲ, ಈ ಪಟ್ಟಿ ಅಲ್ಲಿ ಗಡಿಯಾರದ ಹಾಗೆ ನಡೆಯುತ್ತದೆ ಎಂದು ರೈಲಿನಲ್ಲಿ ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಆಗಸ್ಟ್‌ನಲ್ಲಿ ಹಡಗು ಹತ್ತಿದೆವು. ಆ ದಿನವೂ ಬಂತು. ಎಂಟರ ದೋಣಿಗೆ ನಾನು ಆರೂವರೆಗೇ ಮಹಾದೇವಿಯನ್ನು ಎಬ್ಬಿಸಿ, ಸ್ವೆಟರು ತೊಡಿಸಿ, ಕೆಳಗಿನ ಅಂತಸ್ತಿನ ಬಾಗಿಲಲ್ಲಿ ನಿಲ್ಲಿಸಿದೆ. ಸಾಲಿನಲ್ಲಿ ನಾವೇ ಮೊದಲು. ಸಾಲಿನಲ್ಲಿ ನಾವೇ ಕೊನೆ ಕೂಡ, ಏಕೆಂದರೆ ನಮ್ಮ ವಾಕಿಂಗ್ ಗುಂಪಿನವರು ಸೇರಿ ಬೇರೆ ಯಾರೂ ಬಂದಿರಲಿಲ್ಲ. ಏಳೂವರೆಗೆ ಕಪ್ತಾನನ ದನಿ ಮೈಕಿನಲ್ಲಿ ಬಂತು. ಬಹಳ ಸಭ್ಯ ಮನುಷ್ಯ, ನಾಲ್ಕು ಸಲ ಕ್ಷಮೆ ಕೇಳಿದ. ಗಾಳಿ ಜೋರಾಗಿದೆ, ದೋಣಿ ಇಳಿಸುವಂತಿಲ್ಲ, ಇವತ್ತು ಯಾರೂ ದಡಕ್ಕೆ ಹೋಗುವಂತಿಲ್ಲ, ಗಾಳಿ ಕಡಿಮೆಯಾಗುವ ತನಕ ಹಡಗು ಇಲ್ಲೇ ಇದ್ದು ಆಮೇಲೆ ಮುಂದಕ್ಕೆ ಹೊರಡುತ್ತದೆ. ನಾನು ಆ ಶೀಟನ್ನು ಅಲ್ಲೇ ಬಿಚ್ಚಿ ಇಪ್ಪತ್ತೆರಡು ಆಪತ್ತುಗಳನ್ನೂ ಮತ್ತೊಮ್ಮೆ ಓದಿದೆ. ಕುರಿ ಇತ್ತು. ಗಾಳಿ ಇರಲಿಲ್ಲ.

ಮಹಾದೇವಿ ನನ್ನನ್ನು ಕೈಹಿಡಿದು ಮೇಲಿನ ಅಂತಸ್ತಿಗೆ ಕರೆದುಕೊಂಡು ಹೋದಳು. ಗಾಳಿಗೆ ಮರೆಯಾದ ಕಡೆ ಗಾಜಿನ ಹಿಂದೆ ಎರಡು ಕುರ್ಚಿಗಳಿದ್ದವು. ಎದುರಿಗೆ ನೀರು, ನೀರಿನಾಚೆ ನಾನು ಬಾಯಿಪಾಠ ಮಾಡಿದ ಹಳ್ಳಿ, ಹಸಿರು ಗುಡ್ಡ, ಗುಡ್ಡದ ತುಂಬ ಬಿಳಿಯ ಚುಕ್ಕೆಗಳು. ಏಳು ನಿಮಿಷದ ಕುರಿಗಳು. ನನಗೆ ಅಳು ಬರುವಂತಾಗಿತ್ತು, ಸುಳ್ಳೇಕೆ ಹೇಳಲಿ. ಆಕೆ ಎಲ್ಲಿಂದಲೋ ಎರಡು ಕಪ್ ಚಹಾ ತಂದಳು, ಚೀಲದಿಂದ ಶೇಂಗಾ ಹೋಳಿಗೆ ತೆಗೆದಳು. ಆಮೇಲೆ, "ಆ ಹಾಳಿ ಇತ್ತ ಕೊಡ್ರಿ" ಅಂದಳು. ಕೊಟ್ಟೆ. "ಇದರಾಗ ಕುಂದರೂದು ಎಷ್ಟ ಐತಿ?" "ಐದ ಮಿನಿಟ" ಎಂದೆ ತಲೆ ತಗ್ಗಿಸಿ. "ಹಂಗಾದ್ರ ಅದೊಂದ ಬಿಟ್ಟು ಉಳದದ್ದೆಲ್ಲಾ ಹೊಡದ ಹಾಕ್ರಿ." ಕೆಂಪು ಪೆನ್ನಿನಿಂದ ಕೋಟೆ ಹೊಡೆದೆ, ಸರೋವರ ಹೊಡೆದೆ, ಇಗರ್ಜಿ ಹೊಡೆದೆ. ನಾಲ್ಕು ಗಂಟೆಯ ದೋಣಿಯನ್ನು ಎಲ್ಲಕ್ಕಿಂತ ಕೊನೆಗೆ ಹೊಡೆದೆ. ಕೇಳದೆಯೇ ವಾಚು ಬಿಚ್ಚಿ ಆಕೆಯ ಕೈಗಿಟ್ಟೆ. ಆಕೆ ಅದನ್ನು ನೋಡದೆ ಚೀಲಕ್ಕೆ ಹಾಕಿ, "ತಪ್ಪಾತು ಅನ್ನೂದು ಬ್ಯಾಡ, ಸುಮ್ಮನ ಕುಂದರ್ರಿ" ಅಂದಳು.

ಕೂತೆವು. ಆಕೆ ಬೂಟು ಕಳಚಿ ಎರಡೂ ಕಾಲು ಮೇಲೆ ಮಾಡಿಕೊಂಡಳು. ಬಹಳ ಹೊತ್ತಾದ ಮೇಲೆ ಕುರಿಗಳನ್ನು ನೋಡುತ್ತಲೇ, "ನೀವು ಇಷ್ಟ ಹೊತ್ತ ನನ್ನ ಬಾಜುಕ ಕುಂತದ್ದ ಇದ ಮೊದಲ ಸಲ. ತಾಸಿನ ಮ್ಯಾಲ ಆಗಿರಬೇಕಲ್ರಿ?" ಎಂದು ಕೇಳಿದಳು. "ನನಗೇನ ಗೊತ್ತು, ವಾಚ ನಿನ್ನ ಹತ್ರ ಐತಿ" ಎಂದೆ. ಆಕೆಗೆ ಎಷ್ಟು ಸಂತೋಷವಾಯಿತೆಂದರೆ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಕೂತ ಕ್ಷಣದಿಂದ ನಾನು ಮನಸ್ಸಿನಲ್ಲೇ ಕವಾಯತಿನ ಲೆಕ್ಕದಲ್ಲಿ ಸೆಕೆಂಡು ಎಣಿಸುತ್ತಿದ್ದೆ. ಮೂರು ಸಾವಿರದ ಆರುನೂರಕ್ಕೆ ತಾಸು ಮುಗಿಸಿ ಏಳಬೇಕೆಂದಿದ್ದೆ. ಸಾವಿರದ ಇನ್ನೂರರ ಹತ್ತಿರ ಬಂದಾಗ ಆಕೆ ನನ್ನ ಕೈ ಹಿಡಿದುಕೊಂಡಳು, ಲೆಕ್ಕ ತಪ್ಪಿಹೋಯಿತು. ಮತ್ತೆ ಒಂದರಿಂದ ಎಣಿಸಿದೆ. ಹಾಗಾಗಿ ಆಕೆಗೆ ಒಂದು ತಾಸಿನ ಮೇಲೆ ಇಪ್ಪತ್ತು ನಿಮಿಷ ಹೆಚ್ಚು ಸಿಕ್ಕಿತು.